ಅತ್ತೆ ಕಳೆ ಕಿತ್ತ ಬೆಟ್ಟ

ನಮ್ಮ ಅತ್ತೆಯನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಜರಡಿಯಮ್ಮ ಅನ್ನುತ್ತಾರೆ. ಎದುರಿಗೇ ಅನ್ನುತ್ತಾರೆ, ಅವಳೂ “ಏನು?” ಅಂತ ತಿರುಗುತ್ತಾಳೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮಣ್ಣು ಜರಡಿ ಹಿಡಿಯುವುದು, ಬೀಜ ಶುದ್ಧ ಮಾಡುವುದು, ಟ್ರೇಗಳಲ್ಲಿ ಬಿತ್ತುವುದು, ಕಳೆ ಕೀಳುವುದು ಅವಳ ಕೆಲಸ. ಮನೆಗೆ ಬಂದ ಮೇಲೆ ನಮ್ಮ ಮಾತನ್ನೂ ಜರಡಿ ಹಿಡಿಯುತ್ತಾಳೆ. “ಪೇಟೇಲಿ ತುಂಬಾ ಜನ” ಅಂದರೆ “ತುಂಬಾ ಅಂದ್ರೆ ಯಾರ್ಯಾರು? ಯಾಕೆ ಬಂದಿದ್ರು?” ಅಂತ ಕೇಳುತ್ತಾಳೆ. ಉತ್ತರ ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರುವುದೇ ವಾಸಿ ಎಂಬುದನ್ನು ನಾನು ಲಂಗ ಹಾಕುವ ವಯಸ್ಸಿನಲ್ಲೇ ಕಲಿತೆ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಈ ಅತ್ತೆಯೇ. ಮನೆ ಒಂದು, ಮಧ್ಯೆ ಮಾಡಿಗೆ ಮುಟ್ಟದ ಗೋಡೆ. ಮುಂದಿನ ಅರ್ಧದಲ್ಲಿ ಅಪ್ಪ ಮತ್ತು ನಾನು, ಹಿಂದಿನ ಅರ್ಧದಲ್ಲಿ ಅವಳು. ಹಿತ್ತಲು ಮಾತ್ರ ಇಬ್ಬರದ್ದೂ. ಅಪ್ಪ ಜೇನು ಸಾಕುವವನು, ಅವಳಿಗೆ ತಮ್ಮ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಗಾದೆ ಹುಟ್ಟಿದ್ದು ನಮ್ಮ ಹಿತ್ತಲಲ್ಲೇ ಇರಬೇಕು. ಅವಳಿಗೆ ಎಲ್ಲವೂ ತೊಳೆದಿರಬೇಕು. ಅಪ್ಪನಿಗೆ ಎಲ್ಲವೂ ಕೈಗೆ ಸಿಗುವಂತಿದ್ದರೆ ಸಾಕು.

ಇಬ್ಬರೂ ಒಪ್ಪುತ್ತಿದ್ದ ವಿಷಯ ಒಂದೇ, ಊರಿನ ಹಿಂದಿನ ಬೆಟ್ಟದ ನೀಲಿ ಪೊದೆ. ಸೊಂಟದೆತ್ತರದ ಗಿಡ, ಮೈತುಂಬಾ ನೀಲಿ ಹೂ. ಅಪ್ಪನ ಜೇನೆಲ್ಲ ಅದರದ್ದೇ. ಆದರೆ ಹೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಕಾಂಡಗಳು ಬೂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿದ್ದವು. ಅತ್ತೆಗೆ ಇನ್ನೊಂದು ವಿಚಿತ್ರ ಕಂಡಿತ್ತು.

“ಇಡೀ ಬೆಟ್ಟದಲ್ಲಿ ಅಜ್ಜಿಯರೇ ಇದಾರೆ ಕಣೇ, ಒಂದಾದ್ರೂ ಮಗು ಬೇಡ್ವಾ?” ಅನ್ನುತ್ತಿದ್ದಳು. “ಈ ಅಜ್ಜಿಯರು ಎಲ್ಲಿಂದ ಬಂದ್ರು ಹಾಗಾದ್ರೆ?”

ಈ ಪ್ರಶ್ನೆ ಅವಳ ತಲೆಯೊಳಗೆ ಹುಳುವಾಗಿ ಕೂತಿತ್ತು. ಪ್ರತಿವರ್ಷ ಬೀಜ ಆರಿಸಿ ತರುತ್ತಿದ್ದಳು, ಸಿಪ್ಪೆ ಬೇರೆ ಮಾಡುತ್ತಿದ್ದಳು, ತೊಳೆದು ಬಿತ್ತುತ್ತಿದ್ದಳು. ಒಂದೂ ಮೊಳೆಯುತ್ತಿರಲಿಲ್ಲ. ಬಿಸಿ ನೀರಲ್ಲಿ ನೆನೆಹಾಕಿದಳು, ಉಪ್ಪು ಕಾಗದದಲ್ಲಿ ಉಜ್ಜಿದಳು, ಫ್ರಿಜ್ಜಿನಲ್ಲಿಟ್ಟಳು. ಒಂದು ದಿನ ನಾನು ಗೊತ್ತಿಲ್ಲದೆ ಆ ಡಬ್ಬಿಯ ಬೀಜವನ್ನು ಸಾರಿಗೆ ಒಗ್ಗರಣೆ ಹಾಕಿದೆ. ಅದಕ್ಕೂ ಅವಳು ಬೈಯಲಿಲ್ಲ, “ಸಿಡೀತಾ?” ಅಂತ ಕೇಳಿದಳು. ನರ್ಸರಿಯಲ್ಲಿ ಅದಕ್ಕೆ ಮೊಂಡು ಬೀಜ ಅಂತಲೇ ಹೆಸರು ಬಿದ್ದಿತ್ತು.

ಬೆಂಕಿ ಬಂದದ್ದು ಬೇಸಿಗೆ ಮುಗಿಯುವ ಹೊತ್ತಿಗೆ. ಮಳೆಯಿಲ್ಲದ ಒಣ ಸಿಡಿಲು ಬೆಟ್ಟದ ನೆತ್ತಿಗೆ ಬಡಿಯಿತು. ಗಾಳಿ ಬೇರೆ ಊರಿನ ಕಡೆಗೇ ಇತ್ತು. ಅಪ್ಪ ಮತ್ತು ನಾನು ನನ್ನ ಬ್ರೆಡ್ ಸಾಗಿಸುವ ವ್ಯಾನಿನಲ್ಲಿ ಜೇನು ಪೆಟ್ಟಿಗೆಗಳನ್ನು ಬೆಟ್ಟದ ಬುಡದಿಂದ ಹಿತ್ತಲಿಗೆ ಸಾಗಿಸಿದೆವು. ಹುಳಗಳಿಂದ ಕಡಿಸಿಕೊಂಡು ನನ್ನ ಕಣ್ಣು ಮುಚ್ಚಿಹೋಗಿತ್ತು. ಕೊನೆಯ ಸಾಲಿನ ಪೆಟ್ಟಿಗೆಗಳು ಉಳಿಯಲಿಲ್ಲ. ಬೆಂಕಿ ಊರಂಚಿನ ನಾಲೆಯ ಆಚೆಗೇ ನಿಂತಿತು. ಬೆಳಿಗ್ಗೆ ಎದ್ದು ನೋಡಿದರೆ ಬೆಟ್ಟ ಕಪ್ಪಗೆ, ಬೋಳಾಗಿ, ನಮಗೆ ಗುರುತೇ ಇಲ್ಲದ ಬೆಟ್ಟವಾಗಿ ನಿಂತಿತ್ತು.

ಅಪ್ಪ ಅದನ್ನು ಒಂದು ಸಲ ನೋಡಿದ. ಆಮೇಲೆ ಕುರ್ಚಿಯನ್ನು ಬೆಟ್ಟಕ್ಕೆ ಬೆನ್ನು ಮಾಡಿ ಹಾಕಿಕೊಂಡ. ಆ ವಾರವೇ ಪಕ್ಕದ ಕಣಿವೆಯ ಜೇನುಗಾರನಿಗೆ ಮಾತು ಕೊಟ್ಟುಬಿಟ್ಟ. ಮಳೆಗಾಲ ಮುಗಿದ ಕೂಡಲೇ ಅವನು ಲಾರಿ ತಂದು ಎಲ್ಲ ಪೆಟ್ಟಿಗೆಗಳನ್ನೂ ಒಯ್ಯಬೇಕು, ಅಪ್ಪ ಪೇಟೆಯ ಗಾಜಿನ ಕಾರ್ಖಾನೆಗೆ ಕೆಲಸಕ್ಕೆ ಸೇರಬೇಕು. ಆ ಜೇನು ನಮ್ಮಜ್ಜಿ ಪೊಟರೆಯಿಂದ ಹಿಡಿದು ತಂದ ಸಂತಾನ. ಅಪ್ಪನಿಗೆ ಹೇಳುವವರು ಯಾರು? ಅತ್ತೆಯೇ ಹೇಳಬೇಕು.

“ಬೆಟ್ಟ ಸತ್ತಿಲ್ಲ ಕಣೋ. ಸ್ವಲ್ಪ ತಡಿ.”

“ನೋಡಿಬನ್ನಿ ಹೋಗಿ. ಬೂದಿ ಬಿಟ್ರೆ ಏನಿದೆ?” ಅಂದ ಅಪ್ಪ. ನಮ್ಮಲ್ಲಿ ಹತ್ತಿರದವರಿಗೆ ಬಹುವಚನ ಹಾಕಿದರೆ ಕೋಪ ಬಂದಿದೆ ಅಂತ ಅರ್ಥ.

“ಮತ್ತೆ ಹುಟ್ಟುತ್ತೆ.”

“ಯಾವುದರಿಂದ ಹುಟ್ಟುತ್ತೆ? ಇಷ್ಟು ವರ್ಷ ಬೀಜ ಬಿತ್ತಿದ್ರಲ್ಲ, ಒಂದು ಮೊಳಕೆ ತೋರಿಸಿ. ಒಂದೇ ಒಂದು ತೋರಿಸಿ, ನಾನು ಲಾರಿ ಬೇಡ ಅಂತೀನಿ.”

ಅತ್ತೆ ತಿರುಗಿ ತನ್ನ ಅರ್ಧಕ್ಕೆ ಹೊರಟುಹೋದಳು. ಒಂದು ವಾದವನ್ನು ಅವಳು ಅರ್ಧಕ್ಕೆ ಬಿಟ್ಟು ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೊದಲ ಮಳೆ ಬಿದ್ದ ಮೇಲೆ ಅವಳು ಪ್ರತಿ ಭಾನುವಾರ ಬೆಟ್ಟ ಹತ್ತತೊಡಗಿದಳು. ಸಂಜೆ ಬಂದು ಗೋಡೆಯ ಮೇಲಿಂದ, ಅಪ್ಪನಿಗೆ ಕೇಳಲಿ ಅಂತಲೇ, ನನಗೆ ವರದಿ ಒಪ್ಪಿಸುತ್ತಿದ್ದಳು. ದಪ್ಪ ತೊಗಟೆಯ ಮರಗಳು ಹೊರಗಷ್ಟೇ ಸುಟ್ಟಿವೆಯಂತೆ. ತೊಗಟೆ ಒಡೆದು ಕಾಂಡದ ಮೈಯಿಂದಲೇ ಎಲೆ ಬರುತ್ತಿದೆಯಂತೆ, ಮರಕ್ಕೆ ಹಸಿರು ಉಣ್ಣೆ ಬಟ್ಟೆ ಹಾಕಿದ ಹಾಗೆ. ನೆಲದೊಳಗಿನ ಗೆಡ್ಡೆಗಳಿಂದ ಹಳದಿ ಹೂ ಎದ್ದಿವೆಯಂತೆ, ಅಷ್ಟು ಹೂವನ್ನು ಅವಳು ಹುಟ್ಟಿದ ಮೇಲೆ ನೋಡೇ ಇಲ್ಲವಂತೆ. ಬಿದ್ದ ದೊಡ್ಡ ದಿಮ್ಮಿಗಳು ದಿನಗಟ್ಟಲೆ ಉರಿದ ಕಡೆ ಮಾತ್ರ ಮಣ್ಣು ಇಟ್ಟಿಗೆಯಾಗಿದೆ, ಅಲ್ಲಿ ಏನೂ ಇಲ್ಲ, ಇನ್ನು ಎಷ್ಟೋ ಕಾಲ ಬರುವುದೂ ಇಲ್ಲ.

“ನೀಲಿ ಪೊದೆ?” ಅಂತ ನಾನು ಕೇಳುತ್ತಿದ್ದೆ. ಅಪ್ಪನ ಕುರ್ಚಿ ಆಗ ಕಿರುಗುಟ್ಟುವುದು ನಿಲ್ಲುತ್ತಿತ್ತು.

“ಬುಡದಿಂದ ಚಿಗುರುತ್ತೆ. ಸುತ್ತ ಎಂಥದೋ ದರಿದ್ರ ಕಳೆ ಎದ್ದಿದೆ, ಕೂದಲು ಕೂದಲು ಎಲೆ. ಅದೇ ನೀರೆಲ್ಲ ಕುಡಿದ್ರೆ ಬುಡ ಚಿಗುರೋದು ಹೇಗೆ? ಕಿತ್ತು ಕಿತ್ತು ಹಾಕ್ತಾ ಇದೀನಿ.”

ಹೀಗೆ ಭಾನುವಾರವೆಲ್ಲ ಬಗ್ಗಿ ಬಗ್ಗಿ ಕಡೆಗೆ ಸೊಂಟ ಹಿಡಿದುಕೊಂಡು ಹಾಸಿಗೆ ಹಿಡಿದಳು. ಹಿತ್ತಲ ಮಾಡಿನ ಕೆಳಗೆ ಅವಳದೊಂದು ಟ್ರೇ ಇತ್ತು. ಬೆಂಕಿಗೆ ಮುಂಚೆ ಆರಿಸಿಟ್ಟಿದ್ದ ಕೊನೆಯ ಹಿಡಿ ಮೊಂಡು ಬೀಜ ಅದರಲ್ಲಿತ್ತು. ಮಲಗಿದಲ್ಲಿಂದಲೇ ತಮ್ಮನಿಗೆ ಅಪ್ಪಣೆಯಾಯಿತು. “ದಿನಾ ನೀರು ಹಾಕು. ಶುದ್ಧ ನೀರು. ತಿಳೀತಾ?”

ಇಲ್ಲಿ ಅಪ್ಪನ ಒಂದು ಹೊಸ ಚಟದ ವಿಷಯ ಹೇಳಬೇಕು. ಜೇನು ಪೆಟ್ಟಿಗೆ ತೆರೆಯುವ ಮುಂಚೆ ಹುಳಗಳು ಸುಮ್ಮನಾಗಲಿ ಅಂತ ಹೊಗೆ ಊದುತ್ತಾರೆ. ಅದಕ್ಕೊಂದು ತಗಡಿನ ಡಬ್ಬಿ, ಬೆನ್ನಿಗೆ ಪುಟ್ಟ ತಿದಿ, ಒಳಗೆ ಹೊಗೆಯಾಡುವ ಗೋಣಿ ಚೂರು ಮತ್ತು ಒಣ ಸೊಪ್ಪು. ಮೊದಲೆಲ್ಲ ಕೆಲಸ ಮುಗಿದ ಮೇಲೆ ಅದನ್ನು ಕಲ್ಲಿಗೆ ಕುಟ್ಟಿ ಎಲ್ಲೆಂದರಲ್ಲಿ ಚೆಲ್ಲುತ್ತಿದ್ದ. ಬೆಂಕಿ ಕಂಡ ಮೇಲೆ ಕಿಡಿಯೆಂದರೆ ನಡುಕ. ಹೊಗೆಯಾಡುವ ಗೋಣಿಯನ್ನು ಹಾಗೆಯೇ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಅದುಮಿ ಹಿಡಿಯುತ್ತಿದ್ದ, ಮಳೆಗಾಲದಲ್ಲೂ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ನಾನು ರೇಗಿಸುತ್ತಿದ್ದೆ. ಆ ಬಕೆಟ್ಟಿನ ನೀರು ಕಷಾಯದ ಬಣ್ಣಕ್ಕೆ ತಿರುಗಿ ಗಮ್ಮೆನ್ನುತ್ತಿತ್ತು.

ನಲ್ಲಿ ಹಿತ್ತಲಿನ ಆ ತುದಿಯಲ್ಲಿ, ಬಕೆಟ್ಟು ಟ್ರೇಯ ಪಕ್ಕದಲ್ಲಿ. ಅಪ್ಪ ಯಾವುದರಿಂದ ನೀರು ಹಾಕಿದ ಅಂತ ಬೇರೆ ಹೇಳಬೇಕೆ?

ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಬಂದ ದಿನ ಟ್ರೇಯ ಮೇಲೆ ಬಗ್ಗಿ ಮೂಸಿದಳು. ಆಮೇಲೆ ಅವಳ ದನಿ ಬೀದಿಯ ಕೊನೆಯ ಮನೆಗೂ ಕೇಳಿರಬೇಕು.

“ಲೋ ಅಯೋಗ್ಯ! ಏನೋ ಹೊಯ್ದೆ ಇದಕ್ಕೆ? ನನ್ನ ಕೊನೇ ಬೀಜ ಕಣೋ! ಬಚ್ಚಲು ನೀರು ಹೊಯ್ದಿದೀಯಲ್ಲೋ!”

“ಬಚ್ಚಲದ್ದಲ್ಲ, ಹೊಗೆ ಡಬ್ಬೀದು. ಗಿಡಕ್ಕೇನು ಗೊತ್ತು, ನೀರು ನೀರೇ” ಅಂದ ಅಪ್ಪ. “ಹೇಗೂ ಮೊಳೆಯಲ್ವಲ್ಲ.”

ಆ ಕೊನೆಯ ಮಾತು ಆಡಬಾರದಿತ್ತು. ಅತ್ತೆ ಅತ್ತುಬಿಟ್ಟಳು. ಟ್ರೇಯನ್ನು ಬಟ್ಟೆ ಒಗೆಯುವ ಕಲ್ಲಿನ ಹಿಂದಕ್ಕೆ ತಳ್ಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ತಮ್ಮನ ನಡುವೆ ಮಾತು ನಿಂತಿತು. “ಉಪ್ಪು ಖಾಲಿಯಾಗಿದೆ ಅಂತ ನಿಮ್ಮಪ್ಪಂಗೆ ಹೇಳು”, “ಚೀಲದಲ್ಲಿದೆ ಅಂತ ನಿಮ್ಮತ್ತೆಗೆ ಹೇಳು” ಅಂತ ನನ್ನನ್ನು ಅಂಚೆಯವನನ್ನಾಗಿ ಮಾಡಿಕೊಂಡರು. ನನಗೂ ಸಾಕಾಗಿಹೋಯಿತು. ಒಂದು ದಿನ ಉಪ್ಪಿನ ಡಬ್ಬಿಯನ್ನೇ ಗೋಡೆಯ ಮೇಲಿಟ್ಟು ವ್ಯಾನ್ ಹತ್ತಿದೆ.

ಸುಮಾರು ದಿನಗಳ ಮೇಲೆ ಕಲ್ಲಿನ ಹಿಂದೆ ಸೋಪು ಬಿತ್ತು ಅಂತ ಬಗ್ಗಿದವಳು ನಾನೇ. ಟ್ರೇ ಹಸಿರಾಗಿತ್ತು.

“ಅತ್ತೇ! ಬಾ ಇಲ್ಲಿ! ಮೊಳೆತಿದೆ!”

ಅವಳು ಸೌಟು ಹಿಡಿದುಕೊಂಡೇ ಓಡಿಬಂದಳು, ನೋಡಿದಳು, ಮುಖ ಗಂಟಿಕ್ಕಿದಳು. “ಕಳೆ. ಅವನ ಕೊಳಕು ಗೋಣೀಲಿ ಕಳೆ ಬೀಜ ಇತ್ತು ಅಷ್ಟೆ” ಅಂದು ಒಂದನ್ನು ಎರಡು ಬೆರಳಲ್ಲಿ ಹಿಡಿದು ಕಿತ್ತೇಬಿಟ್ಟಳು. ಎಸೆಯುವ ಮುಂಚೆ ಅಭ್ಯಾಸಬಲದಿಂದ ಕಣ್ಣಿನ ಹತ್ತಿರ ಹಿಡಿದಳು. ಎರಡು ದುಂಡನೆ ಎಲೆ. ಒಂದು ಎಲೆಯ ತುದಿಗೆ ಬೀಜದ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು, ಕಂದು ಬಣ್ಣದ್ದು, ನಡುವೆ ಒಂದು ಬಿಳಿ ಗೀರು.

ಆ ಗೀರನ್ನು ಅವಳು ಕತ್ತಲಲ್ಲಿ ಮುಟ್ಟಿ ಬೇಕಾದರೂ ಗುರುತಿಸುತ್ತಿದ್ದಳು. ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತಳು. “ಅಯ್ಯೋ ನನ್ನ ಬಂಗಾರ, ಕಿತ್ತುಬಿಟ್ನಲ್ಲೇ” ಅಂತ ಆ ಮೊಳಕೆಯನ್ನೇ ಮಾತಾಡಿಸಿದಳು. ಆಮೇಲೆ ನನ್ನತ್ತ ತಿರುಗಿ, “ಯಾಕೆ? ಯಾಕೆ ಈಗ ಮಾತ್ರ?” ಅಂದಳು. ಕಣ್ಣಲ್ಲಿ ನೀರಿತ್ತು, ಆದರೆ ಪ್ರಶ್ನೆ ಮಾತ್ರ ಪ್ರಶ್ನೆಯೇ.

ತಮ್ಮನಿಗೆ ಹೇಳಲಿಲ್ಲ. ಆಕಸ್ಮಿಕವನ್ನು ತೋರಿಸಿ ಗೆಲ್ಲುವುದು ಅವಳ ಜಾಯಮಾನವಲ್ಲ. ಕಾರಣ ತಿಳಿಯಬೇಕಿತ್ತು. ಬೂದಿಯಿರಬೇಕು ಅಂತ ಅವಳ ಮೊದಲ ಊಹೆ. ನರ್ಸರಿಯ ಕಪಾಟಿನಲ್ಲಿ ಮರೆತುಹೋಗಿದ್ದ ಹಳೆಯ ಬೀಜದ ಪೊಟ್ಟಣವೊಂದು ಸಿಕ್ಕಿತು, ಅದರಲ್ಲಿ ಸ್ವಲ್ಪವನ್ನು ಬೂದಿ ಬೆರೆಸಿ ಬಿತ್ತಿದಳು. ಮಣ್ಣು ಗಟ್ಟಿಯಾಗಿ ಪಾಚಿ ಕಟ್ಟಿತು, ಇನ್ನೇನೂ ಆಗಲಿಲ್ಲ. ಆಗ ನರ್ಸರಿ ನೋಡಿಕೊಳ್ಳುವ ಮೇಡಂಗೆ ಎಲ್ಲ ಬಿಡಿಸಿ ಹೇಳಿದಳು. ಮೇಡಂ ಓದಿಕೊಂಡವಳು, ಒಳ್ಳೆಯವಳು, ಯಾವಾಗಲೂ ಶೂ ಲೇಸು ಬಿಚ್ಚಿಕೊಂಡೇ ಓಡಾಡುವವಳು. ಕೇಳಿದವಳೇ ಹಣೆ ಚಚ್ಚಿಕೊಂಡಳಂತೆ.

“ಜರಡಿಯಮ್ಮಾ, ಹೊಗೆ! ಕೆಲವು ಬೀಜಕ್ಕೆ ಬೆಂಕಿಯ ಬಿಸಿ ಬೇಕು, ಸಿಪ್ಪೆ ಬಿರಿಯೋಕೆ. ಕೆಲವಕ್ಕೆ ಹೊಗೇಲಿರೋ ಅಂಶ ನೀರಿನ ಜೊತೆ ಒಳಗೆ ಇಳೀಬೇಕು. ಮೇಲಿದ್ದ ದೊಡ್ಡ ಗಿಡ ಸುಟ್ಟುಹೋಯ್ತು, ಬಿಸಿಲು ನೆಲಕ್ಕೆ ಬೀಳುತ್ತೆ, ಈಗ ಏಳಬಹುದು ಅಂತ ಅವಕ್ಕೆ ಗೊತ್ತಾಗೋದೇ ಹಾಗೆ. ನಾನು ಓದಿದೀನಿ. ನಮ್ಮ ಗಿಡವೂ ಆ ಜಾತಿ ಅಂತ ಹೊಳೀಲೇ ಇಲ್ಲ ನೋಡಿ.”

“ಅಂದ್ರೆ ನಾನು ಇಷ್ಟು ವರ್ಷ ತೊಳೆದು ತೊಳೆದು…”

“ತೊಳೆದಿದ್ದು ತಪ್ಪಲ್ಲ ಬಿಡಿ. ಹೊಗೆ ಹಾಕದೇ ಇದ್ದಿದ್ದು.”

ಮೇಡಂ ಮತ್ತು ಅತ್ತೆ ಸೇರಿ ಉಳಿದ ಬೀಜವನ್ನು ಎರಡು ಪಾಲು ಮಾಡಿದರು. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಅಪ್ಪನ ಬಕೆಟ್ಟಿನ ನೀರು. ಆ ನೀರನ್ನು ಅಪ್ಪನ ಕಣ್ಣು ತಪ್ಪಿಸಿ ಬಾಟಲಿಗೆ ತುಂಬಿಕೊಂಡು ಹೋದದ್ದು ನಾನು. ಮಗಳಾಗಿ ಹುಟ್ಟಿ ಅಪ್ಪನ ಮನೆಯಿಂದ ಕದ್ದದ್ದು ಅದೊಂದೇ, ಅದೂ ಕೊಚ್ಚೆ. ಅಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಬೆಟ್ಟದ ದಾರಿ ಜಾರುತ್ತಿತ್ತು, ಸೊಂಟ ಸ್ವಲ್ಪ ಸುಧಾರಿಸಿದ ಮೇಲೆ ಮತ್ತೆ ಶುರುವಾಗಿದ್ದ ಅತ್ತೆಯ ಭಾನುವಾರದ ಕಳೆ ಕೀಳುವ ಕೆಲಸವೂ ನಿಂತಿತು. ಮಳೆ ಬಿಡುವ ಹೊತ್ತಿಗೆ ನಲ್ಲಿ ನೀರಿನ ಟ್ರೇ ಬೋಳಾಗಿಯೇ ಇತ್ತು, ಬಕೆಟ್ಟು ನೀರಿನದ್ದು ತುಂಬಿತ್ತು. ಹಿತ್ತಲಿನ ಹಳೆಯ ಟ್ರೇಯಲ್ಲಿ ದುಂಡೆಲೆ ಉದುರಿ ಹೊಸ ಎಲೆ ಬರುತ್ತಿದ್ದವು.

ಲಾರಿ ಬರುವ ದಿನವೂ ಬಂದೇಬಿಟ್ಟಿತು. ಜೇನನ್ನು ಸಾಗಿಸುವುದು ಹುಳಗಳೆಲ್ಲ ಗೂಡಿಗೆ ಮರಳಿದ ಮೇಲೆ, ಹಾಗಾಗಿ ಸಂಜೆಗೆ ಬರುತ್ತೇನೆ ಅಂದಿದ್ದ ಕಣಿವೆಯವನು. ಮಧ್ಯಾಹ್ನ ಅತ್ತೆ ಟ್ರೇ ಹಿಡಿದುಕೊಂಡು ಅಪ್ಪನ ಕುರ್ಚಿಯ ಮುಂದೆ ನಿಂತಳು.

“ಒಂದು ಮೊಳಕೆ ತೋರಿಸಿ ಅಂದಿದ್ದೆ. ಇಗೋ, ನೋಡು. ನಿನ್ನ ಕೊಳಕು ನೀರಲ್ಲೇ ಹುಟ್ಟಿದ್ದು. ನಾನು ಬೈದಿದ್ದು ತಪ್ಪು.”

ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, “ಚೆನ್ನಾಗಿದೆ ಅಕ್ಕಾ. ಆದ್ರೆ ಇದು ಟ್ರೇ. ನನ್ನ ಹುಳಕ್ಕೆ ಬೆಟ್ಟ ಬೇಕು. ಟ್ರೇ ಟ್ರೇಯಾಗಿ ಬೆಟ್ಟ ತುಂಬಿಸೋಕೆ ಇನ್ನೊಂದು ಜನ್ಮ ಬೇಕು” ಅಂದ. ಅವನು ಹೇಳಿದ್ದು ನಿಜ.

“ಆಯ್ತು, ಲಾರಿ ಬರಲಿ” ಅಂದಳು ಅತ್ತೆ. “ಅದಕ್ಕೆ ಮುಂಚೆ ಇವನ್ನ ಬೆಟ್ಟದಲ್ಲಿ ನೆಟ್ಟು ಬರೋಣ. ನಂಗೆ ಸೊಂಟ ಆಗಲ್ಲ, ಹೊತ್ಕೊಂಡು ಬಾ.”

ಬೆಂಕಿಯ ನಂತರ ಅಪ್ಪ ಆ ದಾರಿಗೆ ಕಾಲಿಟ್ಟಿರಲಿಲ್ಲ. ತಲೆ ತಗ್ಗಿಸಿಕೊಂಡೇ ಹತ್ತಿದ. ಕರಕಲು ಕಡ್ಡಿಗಳು ನಮ್ಮ ಬಟ್ಟೆಗೆಲ್ಲ ಗೀಟು ಎಳೆದವು. ಹಳೆಯ ನೀಲಿ ಪೊದೆಗಳ ಬುಡಗಳು ಸಾಲಾಗಿ ನಿಂತಿದ್ದವು, ಒಂದೂ ಚಿಗುರಿರಲಿಲ್ಲ. ಅತ್ತೆ ಒಂದೊಂದನ್ನೂ ಉಗುರಿನಿಂದ ಕೆರೆದು ನೋಡುತ್ತಾ ಹೋದಳು. ಎಲ್ಲವೂ ಒಳಗೂ ಒಣಗಿದ್ದವು. “ಇವು ಬುಡದಿಂದ ಬರೋ ಜಾತಿಯಲ್ಲ” ಅಂದಳು. ಅವಳ ದನಿ ಕುಗ್ಗಿತ್ತು. ಅಪ್ಪ ಸುಸ್ತಾಗಿ, ಮೊಣಕಾಲುದ್ದದ ಕಳೆಯ ನಡುವೆ ಟ್ರೇ ಇಳಿಸಿ ಬೆವರು ಒರೆಸಿಕೊಂಡ. ಮತ್ತೆ ಎತ್ತಿಕೊಳ್ಳಲು ಬಗ್ಗಿದವನು ಹಾಗೇ ನಿಂತ.

“ಅಕ್ಕಾ.”

“ಏನು?”

“ಟ್ರೇ ಒಳಗಿರೋದಕ್ಕೂ ಹೊರಗಿರೋದಕ್ಕೂ ಏನು ವ್ಯತ್ಯಾಸ? ನಂಗೇನೂ ಕಾಣ್ತಿಲ್ಲ.”

ನಾವು ಬಗ್ಗಿದೆವು. ಟ್ರೇಯೊಳಗೆ ಕಿರುಬೆರಳುದ್ದದ ಗಿಡ, ತುದಿಯಲ್ಲಿ ಮೂರು ಸೀಳಿನ ಎಲೆ, ಎಲೆಯ ಮೈತುಂಬಾ ನಯವಾದ ಕೂದಲು. ಟ್ರೇಯ ಹೊರಗೆ ಅದೇ ಮೂರು ಸೀಳು, ಅದೇ ಕೂದಲು, ಮಳೆಯುಂಡು ದೊಡ್ಡದಾಗಿತ್ತು, ಅಷ್ಟೆ. ಅಪ್ಪನ ಕಾಲ ಸುತ್ತ, ನನ್ನ ಕಾಲ ಕೆಳಗೆ, ಅಲ್ಲಿಂದ ನೆತ್ತಿಯವರೆಗೆ ಅದೇ. ದೊಡ್ಡ ಗಿಡದ ಎಲೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ನೀಲಿ ಪೊದೆಯ ಮಗುವಿನ ಮುಖವನ್ನು ನಮ್ಮ ಊರಿನಲ್ಲಿ ಬದುಕಿದ್ದವರು ಯಾರೂ ನೋಡಿರಲಿಲ್ಲ. ನೋಡಿರದ ಮೇಲೆ ಗುರುತು ಹೇಗೆ ಸಿಗಬೇಕು?

ಅಪ್ಪ ಒಂದು ಎಲೆಯನ್ನು ಸವರಿದ. “ಇಷ್ಟೊಂದಾ?” ಅಂದ. ಇನ್ನೊಂದು ಸಲ “ಇಷ್ಟೊಂದಾ?” ಅಂದ.

ಆಗಲೇ ನನ್ನ ಕಣ್ಣು ಅತ್ತ ಹೋಯಿತು. ಇಡೀ ಇಳಿಜಾರು ಹಸಿರಿತ್ತು. ಹಳೆಯ ಬುಡಗಳ ಸುತ್ತ ಮಾತ್ರ, ಅಚ್ಚುಕಟ್ಟಾಗಿ, ಗುಡಿಸಿ ಸಾರಿಸಿದಂತೆ ಬೋಳು ವೃತ್ತಗಳು. ಅತ್ತೆಯ ಭಾನುವಾರಗಳು. ಅವಳೂ ಕಂಡಳು. ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

“ನಾನೇ ಕಿತ್ತೆ” ಅಂದಳು. “ಯಾವ ಮಗು ಎಲ್ಲಿ ಅಂತ ಜನ್ಮವೆಲ್ಲಾ ಕೇಳಿದೆನೋ ಅದನ್ನೇ ಕಿತ್ತು ಕಿತ್ತು ಎಸೆದೆ. ಬುಟ್ಟಿಗಟ್ಟಲೆ ಕಣೋ.”

ನಾನು ಅವಳನ್ನು ಹಿಡಿದುಕೊಳ್ಳಲು ಹೋದೆ. ಅಷ್ಟರಲ್ಲಿ ಒಂದು ಸದ್ದು ಕೇಳಿತು. ಅಪ್ಪ ನಗುತ್ತಿದ್ದ. ಬೆಂಕಿಯ ನಂತರ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ.

“ಬೇಲಿಯೇ ಎದ್ದು ಹೊಲ ಮೇಯ್ತಲ್ಲೇ ಅಕ್ಕಾ! ಬೆಂಕಿ ಬಿಟ್ಟಿದ್ದನ್ನ ನೀನು ಬಿಡಲಿಲ್ಲ!”

ಅವಳು ಅಲ್ಲೇ ಬಿದ್ದಿದ್ದ ಕರಕಲು ಕಡ್ಡಿ ಎತ್ತಿ ಅವನಿಗೆ ಬೀಸಿದಳು. ಗುರಿ ತಪ್ಪಿತು. ಆಮೇಲೆ ಅವಳಿಗೂ ನಗು ಬಂತು, ನಗುತ್ತಲೇ ಅತ್ತಳು. ಆ ಬೋಳು ವೃತ್ತಗಳಲ್ಲೇ ಟ್ರೇಯ ಸಸಿಗಳನ್ನು ನೆಟ್ಟು ಇಳಿದೆವು.

ಸಂಜೆ ಲಾರಿ ಬಂದಾಗ ಅಪ್ಪ ಅರ್ಧ ಪೆಟ್ಟಿಗೆ ಮಾತ್ರ ಕೊಟ್ಟ. ಈ ಸಸಿಗಳು ಹೂ ಬಿಡಲು ಎರಡು ಮೂರು ವರ್ಷ ಬೇಕು ಅಂತ ಅತ್ತೆಯ ಅಂದಾಜು. ಹಳದಿ ಹೂ ಮತ್ತು ಸಕ್ಕರೆ ಪಾಕ ನಂಬಿಕೊಂಡು ಅರ್ಧವನ್ನು ಉಳಿಸಿಕೊಳ್ಳಬಹುದು, ಎಲ್ಲವನ್ನೂ ಅಲ್ಲ. ಕೊಟ್ಟ ಮಾತು ಅರ್ಧ ತಪ್ಪಿದ್ದಕ್ಕೆ ಕ್ಷಮೆ ಕೇಳಿದ. ಕಣಿವೆಯವನು “ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ” ಅಂತ ಗೊಣಗಿಕೊಂಡು ಹೊರಟ. ಮರುದಿನ ಅಪ್ಪ ಹೊಗೆ ಡಬ್ಬಿ ತೆಗೆದುಕೊಂಡು ಬಕೆಟ್ಟಿನ ಹತ್ತಿರ ಹೋದರೆ, ಗೋಡೆಯ ಆಚೆಯಿಂದ ದನಿ ಬಂತು.

“ಏಯ್, ಆ ನೀರು ಚೆಲ್ಲಿದ್ರೆ ನೋಡು!”

ಹೋದ ವರ್ಷ ನೀಲಿ ಹೂ ಬಂತು. ಅಷ್ಟು ಹೂವನ್ನು ಅಪ್ಪನೂ ನೋಡಿರಲಿಲ್ಲ. ಕುರ್ಚಿ ಈಗ ಬೆಟ್ಟದ ಕಡೆಗೇ ಮುಖ ಮಾಡಿದೆ. ಜೇನು ಕೊಳ್ಳಲು ಬಂದವರನ್ನು ಅಪ್ಪ ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಾನೆ. ನೆಟ್ಟ ಸಸಿಗಳಲ್ಲಿ ಬದುಕಿದ್ದು ಕೆಲವೇ, ಆದ್ದರಿಂದ ನೀಲಿಯ ನಡುವೆ ಅಲ್ಲಲ್ಲಿ ಬೋಳು ವೃತ್ತಗಳು ಇಲ್ಲಿಂದಲೂ ಕಾಣುತ್ತವೆ.

“ಆ ನೀಲಿ ಇದೆಯಲ್ಲ, ಅದು ಬೆಂಕಿ ಮಾಡಿದ್ದು” ಅನ್ನುತ್ತಾನೆ. “ಆ ಬೋಳು ಇದೆಯಲ್ಲ, ಅದು ನಮ್ಮಕ್ಕ ಮಾಡಿದ್ದು.”

ಅತ್ತೆ ಒಳಗಿಂದ ಬೈಯುತ್ತಾಳೆ. ಭಾನುವಾರ ಬಂದರೆ ಹೊಗೆ ನೀರಿನಲ್ಲಿ ನೆನೆಸಿದ ಬೀಜದ ಚೀಲ ಸೊಂಟಕ್ಕೆ ಕಟ್ಟಿಕೊಂಡು ಬೆಟ್ಟ ಹತ್ತುತ್ತಾಳೆ. ಈಗ ಅವಳ ಜೊತೆ ಅಪ್ಪನೂ ಹೋಗುತ್ತಾನೆ, ಅವಳು ಏನಾದರೂ ಕೀಳುತ್ತಾಳೇನೋ ಅಂತ ನೋಡಿಕೊಳ್ಳಲು.